ಹಾರ ಭಾಷಣಕಾರರಿಗೆ, ಸಗಣಿ ವೀರಗಲ್ಲಿಗೆ!

ತಿಂಗಳ ಎರಡನೆಯ ಭಾನುವಾರ. ಸಂಜೆ ಐದೂವರೆಗೆ ಸರಿಯಾಗಿ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಆರು ಗಂಟೆಯಾದರೂ ಅಧ್ಯಕ್ಷರ ಪತ್ತೆ ಇಲ್ಲ. ಅರವತ್ತು ಕುರ್ಚಿ, ಹದಿನಾಲ್ಕು ಜನ. ಅದರಲ್ಲಿ ಒಬ್ಬ ಮೈಕಿನವನು, ಒಬ್ಬ ಕಾವಲುಗಾರ, ಇಬ್ಬರು ಪತ್ರಿಕೆಯವರು. ಉಳಿದವರು ನಿವೃತ್ತ ಮೇಷ್ಟ್ರು, ನಿವೃತ್ತ ಗುಮಾಸ್ತರು, ಒಬ್ಬರು ವೈದ್ಯರು, ಮೊದಲ ಸಾಲಿನಲ್ಲಿ ಭಾಷಣಕಾರರ ನೆಂಟರು.

ಆಮೇಲೆ ಶುರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಅತಿಥಿಗಳ ಪರಿಚಯ. ಪರಿಚಯಕ್ಕೇ ಕಾಲು ಗಂಟೆ. ಅತಿಥಿಗಳು ಎಲ್ಲಿ ಹುಟ್ಟಿದರು, ಎಲ್ಲೆಲ್ಲಿ ನೌಕರಿ ಮಾಡಿದರು, ಯಾವ ಯಾವ ಪ್ರಶಸ್ತಿ ಬಂತು ಎಲ್ಲ ಬರುತ್ತದೆ. ಅದಾದ ಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ. ಭಾಷಣ ಮೂವತ್ತು ನಿಮಿಷ, ಅಧ್ಯಕ್ಷರ ನಾಲ್ಕು ಮಾತು ನಲವತ್ತು ನಿಮಿಷ! ಕೊನೆಗೆ ವಂದನಾರ್ಪಣೆ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಅರ್ಧ ಲೋಟ ಟೀ.

ಹಿಂದಿನ ಸಾಲಿನಲ್ಲಿ ಕೈಚೀಲ ಹಿಡಿದು ಕೂತ ಒಬ್ಬ ರೈತ ಇರುತ್ತಾನೆ. ಅವನು ಭಾಷಣ ಕೇಳಲು ಬಂದವನಲ್ಲ, ಒಂದು ವಿಷಯ ಕೇಳಲು ಬಂದವನು. ಆದರೆ ಸಮಯಾಭಾವದಿಂದ ಪ್ರಶ್ನೋತ್ತರ ರದ್ದು. ಟೀ ಕುಡಿಯುವಾಗ ಅತಿಥಿಗಳನ್ನು ಹೇಗೋ ಹಿಡಿಯುತ್ತಾನೆ.

‘ಸ್ವಾಮಿ, ನಮ್ಮ ಗದ್ದೆ ಬದುವಿನಾಗೆ ಒಂದು ಕಲ್ಲು ಐತೆ. ಮೇಲೆ ಸೂರ್ಯ ಚಂದ್ರ, ಕೆಳಗೆ ಕತ್ತಿ ಹಿಡ್ಕಂಡು ನಿಂತಾನೆ. ಪಕ್ಕದಾಗೆ ಅಕ್ಷರನೂ ಐತೆ. ರೋಡಿನೋರು ಬಂದು ಗುರುತು ಹಾಕಿ ಹೋಗ್ಯಾರೆ. ಏನು ಮಾಡಾದು?’

‘ಬಹಳ ಒಳ್ಳೇದು ಯಜಮಾನ್ರೇ. ಒಂದಿನ ಬಿಡುವು ಮಾಡ್ಕೊಂಡು ಬರ್ತೀನಿ. ಫೋನ್ ನಂಬರ್ ಕೊಟ್ಟಿರಿ.’

ನಂಬರ್ ಕೊಟ್ಟ. ಅವರು ಬರೆದುಕೊಂಡದ್ದು ಆಹ್ವಾನ ಪತ್ರಿಕೆಯ ಹಿಂದೆ. ಆ ಪತ್ರಿಕೆ ಮಂಡಕ್ಕಿ ಪೊಟ್ಟಣದ ಜೊತೆ ಕಸದ ಬುಟ್ಟಿಗೆ ಹೋಯಿತು. ರೈತ ಕೊನೆ ಬಸ್ಸಿಗೆ ಹೋದ.

ಇದು ಒಂದು ಸಂಘದ ಕಥೆ ಅಲ್ಲ. ಶಿವಮೊಗ್ಗವೇ ಇರಲಿ, ಸಾಗರವೇ ಇರಲಿ, ಶಿಕಾರಿಪುರ, ತೀರ್ಥಹಳ್ಳಿ ಇರಲಿ, ಇತಿಹಾಸದ ಹೆಸರಿನಲ್ಲಿ ತಿಂಗಳಿಗೊಮ್ಮೆ ಸೇರುವ ಬಹುಪಾಲು ಕಡೆ ಹೆಚ್ಚು ಕಡಿಮೆ ಇದೇ ನಾಟಕ. ಹೆಸರು ಹೇಳಿ ಯಾರ ಮಾನ ಕಳೆಯುವ ಉದ್ದೇಶ ಇಲ್ಲ. ಆದರೆ ಭಾಷಣಕ್ಕೆ ಹಾರ, ಕಲ್ಲಿಗೆ ಸಗಣಿ ಎಂಬ ಈ ಲೆಕ್ಕ ಇನ್ನೆಷ್ಟು ದಿನ?

ಹಾಗಾದರೆ ಬಾಗಿಲು ಹಾಕಬೇಕೆ?

ಬೇಡ. ಖಂಡಿತಾ ಬೇಡ. ಹದಿನಾಲ್ಕು ಜನ ಬಂದರೂ ತಿಂಗಳಿಗೊಮ್ಮೆ ಬೀಗ ತೆಗೆದು, ಕಸ ಗುಡಿಸಿ, ಕುರ್ಚಿ ಜೋಡಿಸುವವರು ಯಾರೋ ಒಬ್ಬರು ಇರುತ್ತಾರೆ. ಪಿಂಚಣಿ ದುಡ್ಡಿನಲ್ಲಿ ಅಂಚೆ ಖರ್ಚು ಹಾಕುವವರು ಇರುತ್ತಾರೆ. ಹಿಂದೆ ಒಬ್ಬರು ದಾನಿಗಳು ತಂದೆಯ ಹೆಸರಿನಲ್ಲಿ ಇಟ್ಟ ದತ್ತಿಯ ಬಡ್ಡಿ ಇವತ್ತು ಟೀ ಖರ್ಚಿಗೂ ಸಾಲುವುದಿಲ್ಲ. ಆದರೂ ಅವರು ನಿಲ್ಲಿಸಿಲ್ಲ. ಅವರಿಗೆ ನಮಸ್ಕಾರ ಹೇಳಿಯೇ ಮುಂದಿನ ಮಾತು ಆಡಬೇಕು.

ಇಂಥ ಸಣ್ಣ ಸಭೆಗಳಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರಿಗೆ ಧಾರವಾಡದ ಉದಾಹರಣೆ ಸಾಕು. 1890ರಲ್ಲಿ ರಾ.ಹ. ದೇಶಪಾಂಡೆಯವರು ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗ ಕನ್ನಡ ಎಂದರೆ ಆ ಭಾಗದಲ್ಲಿ ಹಿಂದಿನ ಬೆಂಚಿನ ಭಾಷೆ. ಆಲೂರು ವೆಂಕಟರಾಯರು ಊರೂರು ಸುತ್ತಿ, ಹಳೆಯ ಕಲ್ಲು, ಹಳೆಯ ಅರಸರ ಕಥೆ ಹೇಳಿ, 1917ರಲ್ಲಿ ‘ಕರ್ನಾಟಕ ಗತವೈಭವ’ ಅಚ್ಚು ಹಾಕಿಸಿದರು. ಇತಿಹಾಸ ಕೇಳಿ ಎದೆ ಉಬ್ಬಿದ ಜನವೇ ಮುಂದೆ ಏಕೀಕರಣಕ್ಕೆ ದನಿಯಾದರು. 1956ರ ನವೆಂಬರ್ 1ರಂದು ಒಂದಾದ ನಾಡಿನ ಹಿಂದೆ ಇಂಥ ಎಷ್ಟೋ ಸಂಜೆಯ ಸಭೆಗಳಿವೆ. ಆ ಸಭೆಗಳಲ್ಲೂ ಕುರ್ಚಿ ಖಾಲಿ ಇದ್ದಿರಬಹುದು. ಆದರೆ ಕೇಳಿದವರು ಎದ್ದು ಹೋಗಿ ಏನೋ ಮಾಡಿದರು. ವ್ಯತ್ಯಾಸ ಅಲ್ಲಿದೆ.

ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಇವತ್ತಿಗೂ ನಡೆಯುತ್ತಿದೆ. ಅದು ಬರೇ ಉಪನ್ಯಾಸ ಮಾಡಿಸಿ ಕೈ ತೊಳೆದುಕೊಂಡು ಕೂತಿಲ್ಲ. 2021ರಿಂದ ಬೆಂಗಳೂರಿನ ಸುತ್ತಮುತ್ತಲಿನ ಶಾಸನ ಕಲ್ಲುಗಳನ್ನು ಯಂತ್ರ ಹಿಡಿದು, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದೆ. ಅದಕ್ಕೂ ಮೊದಲೇ, 2018ರಲ್ಲಿ, ಹೆಬ್ಬಾಳದಲ್ಲಿ ಕಿತ್ತಯ್ಯ ಎಂಬ ವೀರನ ಕಲ್ಲು ಬೆಳಕಿಗೆ ಬಂತು. ಕ್ರಿ.ಶ. 750ರ ಸುಮಾರಿನದು. ಅದರ ಹಿಂದೆ ಬಿದ್ದವರು ದೊಡ್ಡ ಪಂಡಿತರೇನಲ್ಲ, ಆಸಕ್ತಿ ಇದ್ದ ಸಾಮಾನ್ಯ ಜನ. ಜನರೇ ಮುಂದೆ ಬಂದು ಅದಕ್ಕೊಂದು ಮಂಟಪ ಮಾಡಿದರು. ಕಾರು, ಕಾಂಕ್ರೀಟಿನ ಮಧ್ಯೆ ಬೆಂಗಳೂರಿನವರಿಗೆ ಆಗಿದ್ದು ಮಲೆನಾಡಿನವರಿಗೆ ಯಾಕೆ ಆಗುವುದಿಲ್ಲ?

ಜಿಲ್ಲೆಯ ಆಸ್ತಿ ಎಷ್ಟು ಗೊತ್ತೆ?

ಬಿ.ಎಲ್. ರೈಸ್ ಎಂಬ ಇಂಗ್ಲಿಷಿನವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದರು. ಶಾಲೆ ತನಿಖೆಗೆ ಹಳ್ಳಿಗೆ ಹೋದಾಗ ದಾರಿಯಲ್ಲಿ ಕಂಡ ಕಲ್ಲುಗಳ ಮುಂದೆ ನಿಂತರು. ಆ ನಿಂತದ್ದರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳು ಹುಟ್ಟಿದವು. ಹನ್ನೆರಡು ಸಂಪುಟಗಳಲ್ಲಿ ಎರಡು ಪೂರ್ತಿ ಈ ಜಿಲ್ಲೆಯವು. 1902ರ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. 1904ರ ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಹೊನ್ನಾಳಿ, ಚನ್ನಗಿರಿ 1997ರಲ್ಲಿ ದಾವಣಗೆರೆಗೆ ಹೋದವು, ಅದು ಬೇರೆ ಮಾತು. ಸೊರಬ ಒಂದೇ ತಾಲ್ಲೂಕಿನ ಶಾಸನಗಳ ಸಂಖ್ಯೆ ಐನೂರರ ಆಚೆ ಹೋಗುತ್ತದೆ.

ನೂರಿಪ್ಪತ್ತು ವರ್ಷದ ಹಿಂದೆ ರೈಸ್ ಸಾಹೇಬರು ಊರಿನ ಹೆಸರು, ಕಲ್ಲು ನಿಂತ ಜಾಗ ಎಲ್ಲ ಬರೆದಿಟ್ಟು ಹೋದರು. ‘ದೇವಸ್ಥಾನದ ಮುಂದೆ’, ‘ಕೆರೆ ಏರಿಯ ಬಳಿ’ ಎಂದು ಗುರುತು ಸಮೇತ. ಈಗ ಆ ಪುಸ್ತಕ ಮೊಬೈಲಿನಲ್ಲೇ ಸಿಗುತ್ತದೆ. ಅದನ್ನು ಹಿಡಿದು ಒಂದು ತಾಲ್ಲೂಕು ಸುತ್ತಿ, ಇಂಥಿಂಥ ಕಲ್ಲು ಇನ್ನೂ ಇದೆ, ಇಂಥಿಂಥದ್ದು ಇಲ್ಲ ಎಂದು ಒಂದು ಪಟ್ಟಿ ಮಾಡುವುದಕ್ಕೆ ಯಾವ ಡಾಕ್ಟರೇಟ್ ಬೇಕು? ಒಂದು ಬೈಕು, ಒಂದು ನೋಟ್‌ಬುಕ್ಕು, ಎರಡು ಭಾನುವಾರ ಸಾಕು. ಭಾಷಣ ಕೇಳುವ ಹದಿನಾಲ್ಕು ಜನ ತಲೆಗೆ ಹತ್ತು ಕಲ್ಲು ಹಂಚಿಕೊಂಡರೆ ನೂರಾ ನಲವತ್ತು ಕಲ್ಲಿನ ಲೆಕ್ಕ ಸಿಕ್ಕಿತು.

ತಾಳಗುಂದದ ಕಂಬ ಇರುವುದು ಇದೇ ಜಿಲ್ಲೆಯಲ್ಲಿ, ಶಿಕಾರಿಪುರ ತಾಲ್ಲೂಕು. ಓದಲು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆ ನಾಡಿಗೆ ಗೊತ್ತಾದದ್ದು ಆ ಕಂಬದಿಂದ. ಬರೆದವನು ಕುಬ್ಜ ಎಂಬ ಕವಿ. ಅದೇ ತಾಳಗುಂದದಲ್ಲಿ ಕೇಂದ್ರ ಪುರಾತತ್ವ ಇಲಾಖೆ 2013ರ ಸುಮಾರಿಗೆ ಅಗೆದಾಗ ಸಿಂಹದ ಕಟಾಂಜನದ ಮೇಲೆ ಅಕ್ಷರ ಸಿಕ್ಕಿತು. ಕ್ರಿ.ಶ. 370ರ ಸುಮಾರಿನದು, ಕನ್ನಡದ್ದು, ಹಲ್ಮಿಡಿಗಿಂತ ಹಳೆಯದು ಎಂಬ ಮಾತು ಎದ್ದಿತು. ಬಳ್ಳಿಗಾವಿಯ ಕೇದಾರೇಶ್ವರ, ಕೆಳದಿಯ ರಾಮೇಶ್ವರ, ಗುಂಡಾ ಜೋಯಿಸರು ಓಲೆಗರಿ, ಕಡತ ಕಲೆಹಾಕಿ ಬೆಳೆಸಿದ ಕೆಳದಿಯ ವಸ್ತುಸಂಗ್ರಹಾಲಯ ಹೀಗೆ ಹೇಳುತ್ತ ಹೋದರೆ ಪತ್ರಿಕೆಯ ನಾಲ್ಕು ಪುಟ ಸಾಲದು.

ಕಲ್ಲು ಕರಗುವುದು ಹೇಗೆ?

ದೇವಸ್ಥಾನಕ್ಕೆ ಬೋರ್ಡು ಇದೆ, ಬೇಲಿ ಇದೆ, ಕಾವಲಿಗೆ ಜನ ಇದ್ದಾರೆ. ಆದರೆ ಗದ್ದೆ ಬದುವಿನ ವೀರಗಲ್ಲಿಗೆ ಯಾರು ದಿಕ್ಕು? ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾನೂನು ಮುಖ್ಯವಾಗಿ ಕಾಯುವುದು ಸಂರಕ್ಷಿತ ಎಂದು ಸರ್ಕಾರ ಘೋಷಿಸಿದ್ದನ್ನು. ಬದುವಿನಲ್ಲಿ, ಬೇಲಿಯಲ್ಲಿ, ಬಾವಿ ಕಟ್ಟೆಯಲ್ಲಿ ಇರುವ ಸಾಮಾನ್ಯ ಕಲ್ಲುಗಳಲ್ಲಿ ಹೆಚ್ಚಿನವು ಯಾವ ಪಟ್ಟಿಯಲ್ಲೂ ಇಲ್ಲ.

ಅದು ಹೋಗುವ ದಾರಿ ಹಲವು. ಒಂದು, ರಸ್ತೆ ಅಗಲ ಮಾಡುವ ಯಂತ್ರ. ಅದಕ್ಕೆ ವೀರನೂ ಒಂದೇ, ಜಲ್ಲಿಯೂ ಒಂದೇ. ಎರಡು, ನಿಧಿ ಹುಚ್ಚು. ಕಲ್ಲಿನ ಮೇಲಿನ ಸೂರ್ಯ ಚಂದ್ರ ನಿಧಿಯ ಗುರುತು ಎಂದು ಯಾರೋ ಪುಣ್ಯಾತ್ಮ ಹೇಳಿರುತ್ತಾನೆ. ಅಮಾವಾಸ್ಯೆ ರಾತ್ರಿ ಗುದ್ದಲಿ ಬರುತ್ತದೆ, ಬೆಳಗ್ಗೆ ನೋಡಿದರೆ ಕಲ್ಲು ಎರಡು ಹೋಳು. ಸೂರ್ಯ ಚಂದ್ರ ಇರುವವರೆಗೆ ಈ ವೀರನ ಹೆಸರು ಇರಲಿ ಎಂದು ಬರೆದ ಗುರುತೇ ಆ ಕಲ್ಲಿಗೆ ಮೃತ್ಯುವಾಯಿತು! ಮೂರು, ಭಕ್ತಿ. ಅಕ್ಷರದ ಮೇಲೆ ಎಣ್ಣೆ, ಅರಿಶಿನ, ಅದರ ಮೇಲೆ ಸುಣ್ಣ, ಅದರ ಮೇಲೆ ಪೇಂಟು. ದೇವರು ಹೊಳೆಯುತ್ತಾನೆ, ಅಕ್ಷರ ಸಾಯುತ್ತದೆ. ನಾಲ್ಕು, ಬರೇ ಅಸಡ್ಡೆ. ಬಟ್ಟೆ ಒಗೆಯುವ ಕಲ್ಲು, ಚರಂಡಿ ಮೇಲಿನ ಹಾಸುಗಲ್ಲು, ದನ ಕಟ್ಟುವ ಗೂಟ.

ಆ ಕಲ್ಲು ಹೇಳುವುದು ಯಾರ ಕಥೆ? ಅರಸರ ಕಥೆ ಹೇಳಲು ತಾಮ್ರಪಟಗಳಿವೆ. ವೀರಗಲ್ಲು ಹೇಳುವುದು ಊರಿನ ದನ ಕದ್ದು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಸತ್ತವನ ಕಥೆ, ಹೆಣ್ಣುಮಕ್ಕಳ ಮಾನ ಕಾಯಲು ಅಡ್ಡ ನಿಂತವನ ಕಥೆ, ಹುಲಿ ಜೊತೆ, ಹಂದಿ ಜೊತೆ ಹೋರಾಡಿ ಸತ್ತವನ ಕಥೆ. ಕೆಳಗಿನ ಪಟ್ಟಿಯಲ್ಲಿ ಜಗಳ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತಿರುವುದು. ಎಷ್ಟೋ ಮನೆತನದ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಅಲ್ಲಿ ಮಾತ್ರ ಇದೆ. ಪಕ್ಕದ ಮಾಸ್ತಿ ಕಲ್ಲಿನಲ್ಲಿ ಬಳೆ ತೊಟ್ಟ ಒಂದು ತೋಳು. ಆ ಹೆಣ್ಣುಮಗಳು ಬೆಂಕಿಗೆ ಇಷ್ಟಪಟ್ಟು ಹೋದಳೋ, ತಳ್ಳಿದರೋ ಎಂದು ಆ ತೋಳು ಹೇಳುವುದಿಲ್ಲ. ಆ ಪ್ರಶ್ನೆ ಕೇಳುವುದಕ್ಕಾದರೂ ಕಲ್ಲು ಉಳಿಯಬೇಕಲ್ಲ?

ಬದುಕಿರುವ ಶಾಸನಗಳು

ಕಲ್ಲಾದರೂ ಕಾಯುತ್ತದೆ. ಮನುಷ್ಯ ಕಾಯುವುದಿಲ್ಲ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆ ಬೆಳಕು ಕೊಡಲು ಶರಾವತಿ ಕಣಿವೆಯ ಹಳ್ಳಿಗಳು ನೀರಿನ ಅಡಿ ಹೋದವು. ಅದಕ್ಕೂ ಹಿಂದೆ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು ಎಂದ ಮೇಲೆ ಮನೆ, ಗದ್ದೆ, ತೋಟ ಯಾವ ಲೆಕ್ಕ? ನೀರು ತೀರಾ ಇಳಿದ ಬೇಸಿಗೆಯಲ್ಲಿ ಆ ಹಳೆಯ ಅಣೆಕಟ್ಟು ತಲೆ ಎತ್ತುತ್ತದೆ. ಜನ ಕಾರು ಮಾಡಿಕೊಂಡು ಹೋಗಿ ಫೋಟೋ ಹೊಡೆಸಿಕೊಂಡು ಬರುತ್ತಾರೆ. ಅದರ ಪಕ್ಕದಲ್ಲಿ ಮನೆ ಕಳೆದುಕೊಂಡವರನ್ನು ಮಾತನಾಡಿಸಿ ಬರುವವರು ಎಷ್ಟು ಜನ?

ಆಗ ಹತ್ತು ವರ್ಷದ ಹುಡುಗ ಇದ್ದವನಿಗೆ ಈಗ ಎಪ್ಪತ್ತು ದಾಟಿತು. ಮನೆಯ ಹೆಂಚು ಇಳಿಸಿ ಲಾರಿಗೆ ಹಾಕಿದ್ದು, ಅಜ್ಜಿ ತುಳಸಿ ಕಟ್ಟೆ ಬಿಟ್ಟು ಏಳಲು ಒಪ್ಪದೇ ಇದ್ದದ್ದು, ಕಾಡಿನ ಮಧ್ಯೆ ಇಳಿಸಿ ‘ಇದೇ ನಿಮ್ಮ ಊರು’ ಎಂದದ್ದು, ಇಂಥದ್ದೆಲ್ಲ ನೆನಪಿರುವವರು ಇನ್ನೆಷ್ಟು ದಿನ ಇರುತ್ತಾರೆ? ಹಕ್ಕುಪತ್ರದ ಗೋಳು ಅರವತ್ತು ವರ್ಷವಾದರೂ ಮುಗಿದಿಲ್ಲ. ಕಚೇರಿಯಲ್ಲಿ ‘ದಾಖಲೆ ತನ್ನಿ’ ಎನ್ನುತ್ತಾರೆ. ಇಂಥ ಊರು ಇತ್ತು, ಇಂಥವರ ಮನೆ ಇತ್ತು, ಇಂಥ ದಿನ ಎಬ್ಬಿಸಿದರು ಎಂದು ಬರೆದಿಡುವುದು ಇತಿಹಾಸ ಸಂಘದ ಕೆಲಸ ಅಲ್ಲದಿದ್ದರೆ ಇನ್ಯಾರ ಕೆಲಸ? ಇಲ್ಲಿ ಇತಿಹಾಸ ಎಂದರೆ ಶೋಕಿ ಅಲ್ಲ, ಅನ್ನದ ಪ್ರಶ್ನೆ.

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಒಳ್ಳೇದೇ ಆಯಿತು. ಆದರೆ ಅಷ್ಟು ವರ್ಷ ಲಾಂಚಿಗೆ ಕಾದವರ, ಲಾಂಚು ತಪ್ಪಿ ಆಸ್ಪತ್ರೆ ಮುಟ್ಟದವರ ಮಾತು ಯಾರ ಕಡತದಲ್ಲಿದೆ?

ಕಾಗೋಡಿನ ಕಥೆಯೂ ಹಾಗೇ. 1951ರಲ್ಲಿ ಸಾಗರ ತಾಲ್ಲೂಕಿನ ಗೇಣಿದಾರರು ಎದ್ದು ನಿಂತರು. ಜಗಳದ ಬುಡದಲ್ಲಿದ್ದದ್ದು ಭತ್ತ ಅಳೆಯುವ ಕೊಳಗ. ಒಡೆಯರ ಕೊಳಗ ದೊಡ್ಡದು, ಅದರಲ್ಲೇ ಅಳೆದು ಕೊಡಬೇಕು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಆ ವರ್ಷ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಉಳುವವನೇ ಹೊಲದೊಡೆಯ ಎಂಬ 1974ರ ಭೂಸುಧಾರಣೆಯ ಬೇರು ಅಲ್ಲಿದೆ ಎಂದು ವೇದಿಕೆಯಲ್ಲಿ ಎಲ್ಲರೂ ಹೇಳುತ್ತಾರೆ. ಸರಿ, ಆ ಕೊಳಗ ಈಗ ಎಲ್ಲಿದೆ? ಯಾರ ಅಟ್ಟದ ಮೇಲೆ ಗೆದ್ದಲು ತಿನ್ನುತ್ತಿದೆ? ಅರಸರ ಖಡ್ಗಕ್ಕೆ ಗಾಜಿನ ಪೆಟ್ಟಿಗೆ ಇದ್ದರೆ ಒಂದು ಕೊಳಗಕ್ಕೆ ಯಾಕೆ ಇರಬಾರದು?

ಈಸೂರಿನಲ್ಲಿ 1942ರಲ್ಲಿ ಹಳ್ಳಿಯವರೇ ಸ್ವತಂತ್ರ ಸರ್ಕಾರ ಘೋಷಿಸಿದರು. ಮುಂದಿನ ವರ್ಷ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು. ವರ್ಷಕ್ಕೊಮ್ಮೆ ಮಾಲೆ ಹಾಕುವುದು ಇದೆ. ಆದರೆ ಪೊಲೀಸರಿಗೆ ಹೆದರಿ ಗಂಡಸರು ಕಾಡು ಸೇರಿದಾಗ ಮನೆಯಲ್ಲಿ ಉಳಿದ ಹೆಂಗಸರು ಏನು ಉಂಡರು, ಹೇಗೆ ಬದುಕಿದರು ಎಂದು ಮಾಲೆ ಹಾಕಿದವರು ಕೇಳಿದ್ದಾರೆಯೇ? ತಿಂಗಳ ಸಭೆಯ ಆಹ್ವಾನ ಪತ್ರಿಕೆ ತೆಗೆದು ನೋಡಿ. ವರ್ಷಕ್ಕೆ ಹನ್ನೆರಡು ಭಾಷಣ. ಹೆಂಗಸರ ಹೆಸರು ಎಷ್ಟು ಸಲ ಇದೆ? ಪ್ರಾರ್ಥನೆ ಹೇಳುವ ಹುಡುಗಿಯರನ್ನು ಬಿಟ್ಟು ಎಣಿಸಿ.

ಹೊಗಳಿಕೆ ಬೇರೆ, ಇತಿಹಾಸ ಬೇರೆ

ಇನ್ನೊಂದು ಕಾಯಿಲೆ ಇದೆ. ಕೇಳುವವರಿಗೆ ಹಿತವಾದದ್ದನ್ನೇ ಹೇಳುವುದು. ಶಿವಮೊಗ್ಗದ ಅರಮನೆಯನ್ನೇ ತೆಗೆದುಕೊಳ್ಳಿ. ಜನ ಕರೆಯುವುದು ಶಿವಪ್ಪನಾಯಕನ ಅರಮನೆ ಎಂದು. ಶಿವಪ್ಪನಾಯಕ ಹದಿನೇಳನೆಯ ಶತಮಾನದವನು, ‘ಶಿಸ್ತು’ ಎಂಬ ಕಂದಾಯ ಪದ್ಧತಿಯಿಂದ ಹೆಸರಾದ ದೊರೆ. ಆದರೆ ಈಗ ನಿಂತಿರುವ ಮರದ ಕಂಬದ ಕಟ್ಟಡ ಹದಿನೆಂಟನೆಯ ಶತಮಾನದ್ದು, ಹೈದರಾಲಿಯ ಕಾಲದ್ದು ಎಂದು ಕಲಾ ಇತಿಹಾಸಕಾರ ಜಾರ್ಜ್ ಮಿಷೆಲ್ ಅವರ ಅಭಿಪ್ರಾಯ. ಈ ಮಾತನ್ನು ಸಭೆಯಲ್ಲಿ ಯಾರಾದರೂ ಆಡಿದರೆ ಏನಾಗುತ್ತದೆ? ಕುರ್ಚಿ ಸದ್ದು ಮಾಡುತ್ತವೆ. ‘ಇವರನ್ನು ಕರೆಸಿದ್ದು ಯಾರ್ರೀ?’ ಎಂದು ಪಿಸುಮಾತು ಏಳುತ್ತದೆ.

ಯಾಕೆ ಹೆದರಬೇಕು? ಕಟ್ಟಡ ಹೈದರನ ಕಾಲದ್ದೇ ಆದರೂ ಶಿವಪ್ಪನಾಯಕನ ಕೀರ್ತಿ ಒಂದು ಕಾಸು ಕಡಿಮೆ ಆಗುವುದಿಲ್ಲ. ಕೆಳದಿ ಚೆನ್ನಮ್ಮ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ್ದು ಯಾವ ಕಟ್ಟಡವನ್ನೂ ನಂಬಿಕೊಂಡು ನಿಂತಿಲ್ಲ. 1763ರಲ್ಲಿ ಬಿದನೂರು ಹೈದರನ ಕೈಗೆ ಹೋದದ್ದೂ ಇತಿಹಾಸವೇ, ಅದಕ್ಕೂ ಮೊದಲು ಇದ್ದದ್ದೂ ಇತಿಹಾಸವೇ. ಬೇಕಾದ ಪುಟ ಇಟ್ಟುಕೊಂಡು ಬೇಡವಾದ ಪುಟ ಹರಿಯುವವರಿಗೆ ಪುಸ್ತಕ ಯಾಕೆ?

ತಾಳಗುಂದದ ವಿಷಯದಲ್ಲೂ ಅಷ್ಟೆ. ‘ಹಾಸನದವರ ಹಲ್ಮಿಡಿ ಸೋತಿತು, ಶಿವಮೊಗ್ಗ ಗೆದ್ದಿತು’ ಎಂದು ಕಬಡ್ಡಿ ಪಂದ್ಯದ ಹಾಗೆ ಚಪ್ಪಾಳೆ ತಟ್ಟುವುದು ಸುಲಭ. ಹಲ್ಮಿಡಿಯ ಕಲ್ಲನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದಾಗಲೂ ಅದರ ಕಾಲದ ಬಗ್ಗೆ ಪಂಡಿತರು ವಾದ ಮಾಡಿದರು. ವಾದ ನಡೆಯಲಿ. ಅಕ್ಷರದ ಆಕಾರ ನೋಡಿ ಕಾಲ ಹೇಗೆ ಹೇಳುತ್ತಾರೆ, ಅದರಲ್ಲಿ ತಪ್ಪು ಎಲ್ಲಿ ಆಗಬಹುದು ಎಂದು ಜನರಿಗೆ ಹೇಳಿಕೊಟ್ಟರೆ ಅದು ನಿಜವಾದ ಉಪನ್ಯಾಸ. ಅಲ್ಲಿಯವರೆಗೆ ಚಪ್ಪಾಳೆಗೆ ಸ್ವಲ್ಪ ತಾಳ್ಮೆ ಇರಲಿ.

ಆಕ್ಷೇಪಣೆಗಳು ಇದ್ದೇ ಇವೆ

ಇಷ್ಟೆಲ್ಲ ಹೇಳಿದರೆ ಪದಾಧಿಕಾರಿಗಳು ಮೂರು ಮಾತು ಹೇಳುತ್ತಾರೆ. ಮೂರಕ್ಕೂ ಬೆಲೆ ಕೊಡಬೇಕು.

ಮೊದಲನೆಯದು ದುಡ್ಡು. ‘ಎಲ್ಲಿಂದ ತರೋದು ಸ್ವಾಮಿ?’ ನಿಜ. ಆದರೆ ಹಾರ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಬಣ್ಣದ ಆಹ್ವಾನ ಪತ್ರಿಕೆ ಇಷ್ಟನ್ನು ಎರಡು ತಿಂಗಳು ನಿಲ್ಲಿಸಿದರೆ ಒಂದು ಟೆಂಪೋ ಬಾಡಿಗೆ ಹುಟ್ಟುತ್ತದೆ. ಭಾಷಣಕಾರರೂ ಮನುಷ್ಯರೇ. ಎಷ್ಟೋ ಜನರ ಮನೆಯಲ್ಲಿ ಶಾಲು ಇಡಲು ಜಾಗ ಇಲ್ಲ.

ಎರಡನೆಯದು, ‘ಜನ ಬರೋದಿಲ್ಲ.’ ಸಭೆಗೆ ಜನ ಬರದಿದ್ದರೆ ಜನ ಇರುವಲ್ಲಿಗೆ ಸಭೆ ಹೋಗಲಿ. ಊರಿನ ಮಧ್ಯೆ ಅರಳಿ ಕಟ್ಟೆಯ ಮೇಲೆ ಕೂತು ಅದೇ ಊರಿನ ಕಲ್ಲು ಓದಿ ಹೇಳಿ ನೋಡಿ. ‘ನಿಮ್ಮ ಊರಿನ ಹೆಸರು ಒಂಬೈನೂರು ವರ್ಷದ ಹಿಂದೆ ಹೀಗಿತ್ತು’ ಎಂದರೆ ಮುದುಕರು, ಮಕ್ಕಳು, ಹೆಂಗಸರು ಎಲ್ಲ ಬರುತ್ತಾರೆ. ಮೈಕು ಬೇಡ, ಕುರ್ಚಿ ಬೇಡ. ಮೊಸರನ್ನ, ಉಪ್ಪಿನಕಾಯಿ ಊರವರೇ ಹಾಕುತ್ತಾರೆ.

ಮೂರನೆಯದು ಗಟ್ಟಿ ಮಾತು. ‘ಕಲ್ಲು ಎಲ್ಲಿದೆ ಅಂತ ಡಂಗುರ ಸಾರಿದರೆ ನಿಧಿ ಕಳ್ಳರಿಗೆ ದಾರಿ ತೋರಿಸಿದ ಹಾಗಾಗುತ್ತದೆ.’ ಈ ಹೆದರಿಕೆ ಸುಳ್ಳಲ್ಲ. ಆದರೆ ಕಳ್ಳನಿಗೆ ಈಗಾಗಲೇ ಗೊತ್ತಿದೆ. ಗೊತ್ತಿಲ್ಲದವರು ಊರವರು. ‘ಇದು ನಿಧಿ ಕಲ್ಲಲ್ಲ, ನಮ್ಮ ಹಿರಿಯರ ಕಲ್ಲು’ ಎಂದು ಊರಿಗೆ ಗೊತ್ತಾದರೆ ರಾತ್ರಿ ನಾಯಿ ಬೊಗಳಿದಾಗ ನಾಲ್ಕು ಜನ ಎದ್ದು ಬರುತ್ತಾರೆ. ನೆಲದಡಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಎಂಬ ಕಾನೂನು ಈ ರಾಜ್ಯದಲ್ಲಿ 1962ರಿಂದ ಇದೆ ಎಂಬುದೂ ಊರಿಗೆ ಗೊತ್ತಾಗಲಿ. ಕಲ್ಲಿಗೆ ಊರಿಗಿಂತ ದೊಡ್ಡ ಕಾವಲು ಇಲ್ಲ.

ಏನು ಮಾಡಬಹುದು?

ದೊಡ್ಡ ಯೋಜನೆ ಬೇಡ. ಒಂದು ತಿಂಗಳು ಸಭಾಭವನದಲ್ಲಿ, ಒಂದು ತಿಂಗಳು ಕಲ್ಲಿನ ಮುಂದೆ. ಅತಿಥಿಗಳ ಪರಿಚಯ ಎರಡು ನಿಮಿಷ, ಅಧ್ಯಕ್ಷರಿಗೆ ಐದು ನಿಮಿಷ. ಕೇಳುವವರಿಗೆ ಅರ್ಧ ಗಂಟೆ, ಅದನ್ನು ಯಾರೂ ಕದಿಯಬಾರದು. ಬಾಗಿಲಲ್ಲಿ ಒಂದು ದೊಡ್ಡ ರಿಜಿಸ್ಟರು ಇಡಲಿ. ಯಾರು ಬೇಕಾದರೂ ‘ನಮ್ಮೂರಲ್ಲಿ ಇಂಥದ್ದೊಂದು ಇದೆ’ ಎಂದು ಬರೆಯಲಿ. ಮುಂದಿನ ಸಭೆ ಶುರುವಾಗುವುದು ಪ್ರಾರ್ಥನೆಯಿಂದಲ್ಲ, ಆ ರಿಜಿಸ್ಟರಿನಲ್ಲಿ ಬರೆದದ್ದನ್ನು ಯಾರು ಹೋಗಿ ನೋಡಿ ಬಂದರು ಎಂಬ ವರದಿಯಿಂದ.

ಕಲ್ಲು ಸಿಕ್ಕ ಕೂಡಲೇ ತೊಳೆಯಲು ಆಸಿಡ್ ತರುವುದು, ಅಕ್ಷರ ಕಾಣಲಿ ಎಂದು ಮೊಳೆಯಲ್ಲಿ ಕೆರೆಯುವುದು, ಈ ಅತಿ ಉತ್ಸಾಹಕ್ಕೂ ಕಡಿವಾಣ ಬೇಕು. ಮೊದಲು ಇದ್ದ ಹಾಗೇ ಫೋಟೋ. ಆಮೇಲೆ ಬಲ್ಲವರನ್ನು ಕರೆಸಿ, ನೀರು ಹಾಕಿ ಮೆತ್ತಗಿನ ಬ್ರಷ್ಷಿನಲ್ಲಿ ಶುಚಿ ಮಾಡಿ, ಒದ್ದೆ ಕಾಗದ ಹಚ್ಚಿ ಪಡಿಯಚ್ಚು ತೆಗೆಯುವುದು. ಪ್ರೌಢಶಾಲೆಯ ಹತ್ತು ಹುಡುಗರು ಅದನ್ನು ಕಣ್ಣಾರೆ ನೋಡಲಿ. ಕಪ್ಪು ಕಾಗದದ ಮೇಲೆ ಬಿಳಿ ಅಕ್ಷರ ಎದ್ದು ಬರುವುದನ್ನು ಒಮ್ಮೆ ನೋಡಿದ ಹುಡುಗ ಮುಂದೆ ಯಾವ ಕಲ್ಲಿನ ಮೇಲೂ ಪ್ರೇಯಸಿಯ ಹೆಸರು ಕೆತ್ತುವುದಿಲ್ಲ.

ಪಂಚಾಯಿತಿಗೂ ಕೆಲಸ ಇದೆ. ತನ್ನ ಗಡಿಯೊಳಗೆ ಎಷ್ಟು ಹಳೆಯ ಕಲ್ಲು ಇದೆ ಎಂಬ ಪಟ್ಟಿ ಗೋಡೆಯ ಮೇಲೆ ಇರಲಿ. ರಸ್ತೆ ಕಾಮಗಾರಿಗೆ ಅಳತೆ ಮಾಡುವ ಇಂಜಿನಿಯರ್ ಆ ಪಟ್ಟಿ ನೋಡಿಯೇ ಗುರುತು ಹಾಕಲಿ. ಪರಂಪರೆಯನ್ನು ಕಾಪಾಡುವುದು ಪ್ರಜೆಯ ಕರ್ತವ್ಯ ಎಂದು 1976ರಲ್ಲಿ ಸಂವಿಧಾನಕ್ಕೇ ಸೇರಿಸಿದ್ದಾರೆ. ಪ್ರಜೆಗೆ ಕರ್ತವ್ಯ ಇದ್ದರೆ ಇಂಜಿನಿಯರಿಗೆ, ಗುತ್ತಿಗೆದಾರನಿಗೆ ಇಲ್ಲವೇ?

ಮುಂದಿನ ತಿಂಗಳೂ ಎರಡನೆಯ ಭಾನುವಾರ ಬರುತ್ತದೆ. ಮತ್ತೆ ಆಹ್ವಾನ ಪತ್ರಿಕೆ, ಮತ್ತೆ ಹಾರ, ಮತ್ತೆ ಮಂಡಕ್ಕಿ. ಹಿಂದಿನ ಸಾಲಿನಲ್ಲಿ ಕೈಚೀಲದ ರೈತ ಮತ್ತೆ ಬಂದು ಕೂತಿದ್ದರೆ ಸಂಘದ ಪುಣ್ಯ. ಅವನು ಬಾರದೇ ಇದ್ದರೆ ಕಾರಣ ಎರಡೇ. ಒಂದು, ಅವನಿಗೆ ಸಾಕಾಗಿದೆ. ಇನ್ನೊಂದು, ಆ ಕಲ್ಲು ಈಗ ರಸ್ತೆಯ ಕೆಳಗೆ ಇದೆ.

ಎಂಟುನೂರು ವರ್ಷದ ಹಿಂದೆ ಒಬ್ಬ ಊರಿನ ದನ ಬಿಡಿಸಲು ಹೋಗಿ ಜೀವ ಕೊಟ್ಟ. ಊರು ಅವನಿಗೆ ಒಂದು ಕಲ್ಲು ನಿಲ್ಲಿಸಿ ‘ಮರೆಯುವುದಿಲ್ಲ’ ಎಂದು ಮಾತು ಕೊಟ್ಟಿತು. ಆ ಮಾತು ಉಳಿಸುವುದಕ್ಕೆ ಇವತ್ತು ಯಾರೂ ಜೀವ ಕೊಡಬೇಕಾಗಿಲ್ಲ. ಒಂದು ಭಾನುವಾರ ಕೊಟ್ಟರೆ ಸಾಕು. ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ದಯವಿಟ್ಟು ಎದ್ದು ಬಸ್ಸು ಹತ್ತುವಿರಾ?